ಹೊತ್ತು

ನವೆಂಬರ್ ಇಪ್ಪತ್ತಮೂರರ ಮೇಲೆ
ವಾರ್ಡೋ ದ್ವೀಪದಲ್ಲಿ ಹೊತ್ತು ಹುಟ್ಟುವುದಿಲ್ಲ.
ಹುಟ್ಟದ ಮೇಲೆ ಮುಳುಗುವ ಮಾತಿಲ್ಲ,
ಹೋಗುವ ಮಾತಂತೂ ಇಲ್ಲವೇ ಇಲ್ಲ.
ಹನ್ನೊಂದರ ಸುಮಾರಿಗೆ ಕಡಲಂಚಿನಲ್ಲಿ
ನೀಲಿ ಬಟ್ಟೆ ಹಿಂಡಿದ ನೀರಿನಂಥ ಬೆಳಕು
ಒಂದಿಷ್ಟು ನಿಂತು,
ಒಂದೂವರೆಗೆ ಬಸಿದುಹೋಗುತ್ತದೆ.

ಇದು ದುಃಖವಲ್ಲ. ದುಃಖ ನನಗೆ ಗೊತ್ತು.
ಅಮ್ಮ ತೀರಿಹೋದ ವರ್ಷ ಬಂದಿತ್ತು,
ಅತ್ತಿತ್ತು, ಊಟ ಮಾಡಿತ್ತು, ಹೋಗಿತ್ತು.
ಇದಕ್ಕೆ ಕಣ್ಣೀರಿಲ್ಲ.
ಒದ್ದೆ ಉಣ್ಣೆಯಂಗಿಯ ಹಾಗೆ ಬರೀ ಭಾರ.
ಹಲ್ಲುಜ್ಜುವ ಬ್ರಷ್ಷು ಮೂರು ಹೆಜ್ಜೆ ಆಚೆ.
ಮೂರು ಹೆಜ್ಜೆಯೆಂದರೆ ಎಷ್ಟು ದೂರ ಎಂದು
ಮಲಗಿದಲ್ಲೇ ಲೆಕ್ಕ ಹಾಕುತ್ತೇನೆ.

ಕಿರ್ಕೆನೆಸ್ಸಿನ ಡಾಕ್ಟರು ಫೋನಿನಲ್ಲಿ ಹೇಳಿದರು:
ದೀಪದೆದುರು ಅರ್ಧ ಗಂಟೆ ಕೂರಿ,
ಮೀನೆಣ್ಣೆ ದಿನಕ್ಕೊಂದು ಚಮಚ,
ನಡೆಯಿರಿ, ಜನರ ಜೊತೆ ಇರಿ.
ಬರೆದುಕೊಂಡೆ. ಚೀಟಿ ಫ್ರಿಜ್ಜಿನ ಮೇಲಿದೆ.
ದೀಪ ತರಿಸಿದೆ, ತಲೆದಿಂಬಿನಷ್ಟಗಲ.
ಹೊತ್ತಿಸಿದರೆ ಅಡುಗೆಮನೆಗೆಲ್ಲ ಆಸ್ಪತ್ರೆಯ ಬಿಳಿ.
ಕಿಟಕಿಯ ಜೆರೇನಿಯಂ ಮಾತ್ರ ಮೋಸಹೋಗಿ
ಒಂದು ಮೊಗ್ಗು ಬಿಟ್ಟಿತು.
ನನಗೆ ಅದರ ಮೇಲೆ ಹೊಟ್ಟೆಕಿಚ್ಚು.

ಆಮೇಲೆ ಪಕ್ಕದ ಮನೆಯ ಐಲರ್ಟ್.
ಎಪ್ಪತ್ತನಾಲ್ಕು; ನನಗಿಂತ ಕಡಿಮೆ ಮಾತು.
ಹತ್ತೂವರೆಗೆ ಬಾಗಿಲು ಬಡಿದ:
ಸ್ಕ್ರೂಡ್ರೈವರ್ ಇದೆಯಾ?
ಎದ್ದೆ. ಹುಡುಕಿದೆ. ಕೊಟ್ಟೆ.
ಮರುದಿನ ಒಂದು ಲೋಟ ಸಕ್ಕರೆ.
ಅದರ ಮರುದಿನ ಅಳತೆ ಟೇಪು.
ಶುಕ್ರವಾರ ಬರೀ ಒಂದು ಮೊಳ ದಾರ.
ಇಸಿದುಕೊಂಡು, ಹೊಸ್ತಿಲಲ್ಲೇ ನಿಂತು, ಕತ್ತಲು ನೋಡಿ
"ಇವತ್ತು ಗಾಳಿ ಇದೆ" ಎನ್ನುತ್ತಾನೆ.
ಇಲ್ಲಿ ಗಾಳಿಯಿಲ್ಲದ ದಿನವನ್ನು
ಹೆತ್ತವರೂ ಕಂಡಿಲ್ಲ, ಹುಟ್ಟಿದವರೂ ಕಂಡಿಲ್ಲ.

ಬಾಗಿಲಿಗೆ ಬರಬೇಕಲ್ಲ ಎಂದು
ರಾತ್ರಿಯಂಗಿ ಬಿಟ್ಟು ಪ್ಯಾಂಟು ಹಾಕಿದೆ.
ಪ್ಯಾಂಟಿನ ದೆಸೆಯಿಂದ ಬೂಟು.
ಬೂಟು ಹಾಕಿದ ಮೇಲೆ
ಬಂದರಿನ ಶೆಡ್ಡಿಗೆ ಹೋಗದೆ ಇನ್ನೆಲ್ಲಿಗೆ?
ಗಾಳ, ಮೀನಿನ ತುಂಡು, ಗಾಳ, ಮೀನಿನ ತುಂಡು,
ನಾನೂರಾದರೆ ಒಂದು ತೊಟ್ಟಿ.
ಬೆರಳ ಸೀಳಿನಲ್ಲಿ ಉಪ್ಪು ಚುರ್ರೆನ್ನುತ್ತದೆ.
ಎದುರಿಗೆ ಲಿಥುವೇನಿಯಾದ ದಾಂಗುವೊಲೆ
ತನ್ನ ಭಾಷೆಯಲ್ಲಿ ಯಾರನ್ನೋ ಬೈದು ಬೈದು ನಗುತ್ತಾಳೆ.
ಅರ್ಥವಾಗುವುದಿಲ್ಲ. ಅದೇ ಚೆನ್ನ.

ಹೊಸ ವರ್ಷದ ಮರುದಿನ ಐಲರ್ಟ್ ಬರಲಿಲ್ಲ.
ಹತ್ತೂವರೆ. ಹನ್ನೊಂದು.
ಬೂಟು ಹಾಕಿ ಕೂತವಳು
ನಾನೇ ಹೋದೆ.

ಬಾಗಿಲಿಗೆ ಚಿಲಕವಿರಲಿಲ್ಲ. ದೀಪವಿರಲಿಲ್ಲ.
ಕೋಟು ತೊಟ್ಟೇ ಕುರ್ಚಿಯಲ್ಲಿದ್ದ,
ಒಂದು ಕೈಗೆ ಗ್ಲೌಸು, ಇನ್ನೊಂದು ತೊಡೆಯ ಮೇಲೆ.
ಗೋಡೆಗೆ ಸಾಲಾಗಿ, ಗಾತ್ರದ ಪ್ರಕಾರ,
ಹನ್ನೊಂದು ಸ್ಕ್ರೂಡ್ರೈವರ್.
ಹನ್ನೊಂದನೆಯದು ನನ್ನದು.
ಸಕ್ಕರೆ ಲೋಟದಲ್ಲೇ ಕಲ್ಲಾಗಿತ್ತು.

ಅಯ್ಯೋ, ಇವನಿಗೂ ಬೇಕಿತ್ತು
ಒಂದು ಬಾಗಿಲು, ಬಡಿಯುವುದಕ್ಕೆ.

ಏನು ಹೇಳಲಿ? ಚೀಟಿ ಮನೆಯಲ್ಲಿ,
ಫ್ರಿಜ್ಜಿನ ಮೇಲೆ.
"ಒಂದು ಲೋಟ ಸಕ್ಕರೆ ಸಿಗುತ್ತದಾ?" ಎಂದೆ.
ಬಹಳ ಹೊತ್ತು ನೋಡಿದ.
ಕಣ್ಣಲ್ಲಿ ಏನೋ ಹೊತ್ತಿತು ಎನ್ನಲಾರೆ;
ಕದಲಿತು, ಅಷ್ಟೆ.
"ನಿನ್ನದೇ ಇದೆಯಲ್ಲ," ಎಂದ, "ತಗೊ."

ಕೋಟೆಯವರು ತೋಪು ಹಾರಿಸುವುದು
ಪೂರ್ತಿ ಬಿಂಬ ಕಂಡ ಮೇಲೆಯೇ.
ಚೂರು ಕಂಡರೆ ಲೆಕ್ಕಕ್ಕಿಲ್ಲ.
ಅವತ್ತು ಶಾಲೆಗೆ ರಜೆ. ಮೋಡವಿದ್ದರೆ
ಮಕ್ಕಳೂ ಕಾಯಬೇಕು, ಸೈನಿಕರೂ ಕಾಯಬೇಕು.

ಇನ್ನೂ ಹದಿನೆಂಟು ದಿನ.
ಒಂದೇ ದೀಪಕ್ಕೆ ಈಗ ಮೂವರು:
ನಾನು, ಅವನು, ಜೆರೇನಿಯಂ.
ಅರವತ್ತು ವರ್ಷ ಆ ಮೀನನ್ನೇ ಹಿಡಿದವನು
ಎಣ್ಣೆಯ ಚಮಚಕ್ಕೆ ಮಗುವಿನಂತೆ
ಮುಖ ಸಿಂಡರಿಸುತ್ತಾನೆ.
ಗಾಜಿನಾಚೆ ಬೆಳಗೋ ರಾತ್ರಿಯೋ
ಒಂದೂ ಗೊತ್ತಾಗುವುದಿಲ್ಲ.

ಇವತ್ತು ಗಾಳಿ ಇದೆ, ಎನ್ನುತ್ತೇನೆ.
ತಡೆದು, ಕಿವಿಗೊಟ್ಟು,
ಇದೆ, ಎನ್ನುತ್ತಾನೆ.