ಹನ್ನೆರಡನೆಯ ಗೆರೆ

ತಂಡದ ಹಾಳೆಯಲ್ಲಿ ಹನ್ನೆರಡು ಗೆರೆ.
ಹನ್ನೊಂದು ತುಂಬಿದ ಮೇಲೆ ಪೆನ್ನು ನಿಂತುಬಿಡುತ್ತದೆ,
ಅರೆಯುವ ತಿಂಗಳಲ್ಲಿ, ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ
ಕಬ್ಬಿನ ಗಾಡಿ ಹಿಂದೆ ಸಿಕ್ಕಿಕೊಂಡ ಸ್ಕೂಟರಿನ ಹಾಗೆ.

ಒಂದು ಕಡೆ ನೇತ್ರಾವತಿ. ಮೂವತ್ತೆಂಟು.
ಬೆಳಗ್ಗೆ ಮಂಡ್ಯ ಸ್ಟೇಷನ್ನಿನ ಟಿಕೆಟ್ ಕಿಂಡಿ,
ಸಂಜೆ ನಮ್ಮ ಸಿಮೆಂಟಿನ ಅಂಕಣ.
ಎಡ ಮಂಡಿಗೆ ಕ್ಯಾಪು, ಅದರೊಳಗೆ ಬೇವಿನೆಣ್ಣೆ ವಾಸನೆ.
ಓಡುವುದು ಬಿಟ್ಟು ಎಷ್ಟೋ ಕಾಲವಾಯಿತು;
ಓಡುವವರು ಎಲ್ಲಿ ಬಂದು ನಿಲ್ಲುತ್ತಾರೋ
ಅಲ್ಲಿ ಮೊದಲೇ ನಿಂತಿರುತ್ತಾಳೆ.
ಚೆಂಡು ಒಂದು ಕಡೆ, ಕಣ್ಣು ಇನ್ನೊಂದು ಕಡೆ:
ಚಿಲ್ಲರೆ ಎಣಿಸುತ್ತಲೇ ಮುಂದಿನವನ ಊರು ಕೇಳುವವಳು.

ಇನ್ನೊಂದು ಕಡೆ ಕೆರಗೋಡಿನ ಬಿಂದುಶ್ರೀ. ಹದಿನಾರು.
ಕೊನೆಯ ಬಸ್ಸು ಏಳೂವರೆಗೆ,
ಬೂಟು ಬಿಚ್ಚದೆ ಹಾಗೇ ಓಡುತ್ತಾಳೆ.
ಜಿಗಿದರೆ ಬೆರಳಿಗೆ ಬಲೆ ಸಿಗುತ್ತದೆ,
ಇಳಿದ ಮೇಲೆ ಏನು ಮಾಡಬೇಕೋ ಗೊತ್ತಿಲ್ಲ.
ಹತ್ತು ಎಸೆತಕ್ಕೆ ಎಂಟು ಹೊರಗೆ. ಮಿಕ್ಕ ಎರಡನ್ನು
ರಾತ್ರಿ ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಖಜಾಂಚಿ ನಿಂಗರಾಜೇಗೌಡರು ಅಂದರು:
"ಕೂಳೆ ಕಬ್ಬು ಕಣಯ್ಯ. ಉಳೋ ಖರ್ಚಿಲ್ಲ,
ಬಿತ್ನೆ ಖರ್ಚಿಲ್ಲ, ನೀರು ಬುಟ್ರೆ ಬತ್ತದೆ.
ಈ ವರ್ಸ ಕಪ್ಪು ಬಂದ್ರೆ ಕೋರ್ಟಿಗೆ ಲೈಟಾಕ್ಸಾನ."
ಬರೆದೆ. ಗೆದ್ದೆವು.
ಲೈಟು ಬಂತು, ನಾಲ್ಕು ಕಂಬ, ಒಂದು ಉರಿಯುವುದಿಲ್ಲ.
ರಾತ್ರಿ ಒಂಬತ್ತರವರೆಗೆ ಆಡಬಹುದು ಈಗ,
ಕೆರಗೋಡಿನ ಬಸ್ಸು ಮಾತ್ರ ಏಳೂವರೆಗೇ.

ಮರುವರ್ಷವೂ ಬರೆದೆ. ಎರಡನೇ ಕೂಳೆ,
ಸಿಹಿ ಇತ್ತು, ಸುಳ್ಳು ಹೇಳಬಾರದು.
ಮೂರನೇ ಕೂಳೆಗೆ ಗರಿ ಜಾಸ್ತಿ, ಜಲ್ಲೆ ಸಣ್ಣ
ಎನ್ನುತ್ತಿದ್ದ ನಮ್ಮಪ್ಪ.
ಗೊತ್ತಿದ್ದೂ ಬರೆದೆ.

ಬಿಂದುಶ್ರೀ ಮೂರು ವರ್ಷ ಹದಿಮೂರನೆಯವಳು.
ನೀರಿನ ಕ್ಯಾನು ಹೊತ್ತಳು, ಟವೆಲು ಮಡಿಸಿದಳು,
ನಾನು ಯಾರನ್ನು ಬೈದರೂ ತಾನೇ ತಲೆ ತಗ್ಗಿಸಿದಳು.
ಒಂದು ದಿನ ಬರಲಿಲ್ಲ.
ಮೈಸೂರಿನಲ್ಲಿ ಹಾಸ್ಟೆಲ್ಲು, ದಿನಾ ಎರಡು ಮೊಟ್ಟೆ,
ಎಂದು ಅವಳ ತಮ್ಮ ಬಂದು ಜೆರ್ಸಿ ವಾಪಸು ಕೊಟ್ಟ,
ಒಗೆದು, ಇಸ್ತ್ರಿ ಮಾಡಿ.
ಒಂದು ಪಂದ್ಯವನ್ನೂ ಕಾಣದ ನಂಬರು.

ಮೊನ್ನೆ ಬಂದಿದ್ದಳು, ಎದುರು ತಂಡದಲ್ಲಿ.
ಕೊನೆಯ ಕ್ವಾರ್ಟರು. ಎಡಕ್ಕೆ ನೋಡಿದಳು.
ನನ್ನ ಇಡೀ ತಂಡ ಎಡಕ್ಕೆ ವಾಲಿತು.
ಚೆಂಡು ಬಲಕ್ಕೆ, ನೆಲಕ್ಕೊಂದು ಪುಟ,
ನೇತ್ರಾಳ ಕಂಕುಳ ಕೆಳಗೇ ಹಾದು.
ಆ ಪಾಸು ನನಗೆ ಗೊತ್ತು. ಆ ಪಾಸಿಗೆ
ಮಂಡ್ಯದಲ್ಲಿ ಒಬ್ಬಳೇ ಒಡತಿ.
ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷ
ಕ್ಯಾನಿನ ಮೇಲೆ ಕೂತು ನೋಡಿದ್ದಳು, ಅಷ್ಟೆ.

ತಡೆಯಲು ಹೋಗಿ ಬಿದ್ದ ನೇತ್ರಾ ಎದ್ದಳು,
ಅಂಗೈಯೆಲ್ಲ ತರಚು. ನಗುತ್ತಿದ್ದಳು.
"ನೋಡುದ್ರಾ ಸಾ, ಕದ್ದವ್ಳೆ!"

ಅವಳನ್ನು ನಾನು ಬೆಳೆಸಿದೆ ಅನ್ನಲು
ನಾಲಿಗೆ ಏಳಲಿಲ್ಲ. ಬೆಳೆಸಲಿಲ್ಲ ಅನ್ನಲೂ.
ಹಲಗೆಯ ಮೇಲೆ ನಾಲ್ಕು ಕಡಿಮೆ. ಟೈಮೌಟು.
ಸೋಡಾ ಅಂಗಡಿಯ ಐಸು ಮಂಡಿಗೆ ಒತ್ತಿಕೊಂಡು,
ಲೇಸು ಬಿಗಿಯುತ್ತ, ತಲೆಯೆತ್ತದೆ ಹೇಳಿದಳು:
"ಮುಂದಿನ್ ಸಲ ನನ್ನೆಸ್ರು ಬರೀಬ್ಯಾಡಿ ಸಾ.
ಈಗ ಎಬ್ಬುಸಿ. ಇನ್ನೂ ಎರಡು ನಿಮಿಷ ಅದೆ."

ಕೈ ಕೊಟ್ಟೆ.