ಐದು ನ್ಯೂಟನ್ ಮೀಟರ್

ಬೆಂಗ್ರೆಯಲ್ಲಿ ಇಪ್ಪತ್ತಾರು ವರ್ಷ
ಫೈಬರ್ ದೋಣಿಗಳ ಹೊಟ್ಟೆ ತಟ್ಟಿದವನು ನಾನು.
ಒಳಗೆ ಪದರ ಬಿಟ್ಟಿದ್ದರೆ ಬೆರಳಿಗೇ ಗೊತ್ತಾಗುತ್ತದೆ:
ಗಟ್ಟಿ ಕಡೆ ಠಣ್ ಅನ್ನುತ್ತದೆ,
ಕೆಟ್ಟ ಕಡೆ ನೆನೆದ ರಟ್ಟಿನ ಹಾಗೆ ದೊಪ್.

ಅದಕ್ಕೇ ಕರೆಸಿದ್ದಾರೆ
ತಣ್ಣೀರುಬಾವಿಯ ಗಾಳಿಮರದ ಕೆಳಗೆ
ನಾಳೆಯ ರೇಸಿನ ಸೈಕಲ್ಲುಗಳ ನಾಡಿ ಹಿಡಿಯಲು.
ಕೈಯಲ್ಲಿ ಹತ್ತು ರೂಪಾಯಿಯ ನಾಣ್ಯ,
ಕಿಸೆಯಲ್ಲಿ ಹಸಿರು ಚೀಟಿಗಳ ಕಟ್ಟು.

ಇವೂ ದೋಣಿಗಳೇ, ನೀವೇನೇ ಹೇಳಿ.
ಗಾಳಿಯನ್ನು ನೀರೆಂದುಕೊಂಡು ಸೀಳುವ ಮೂತಿ,
ಅಂಗೈ ಅಗಲದ ರಿಮ್ಮು, ಮೊಣಕೈಗೆ ಮೆತ್ತೆ,
ಮುಂದಕ್ಕೆ ಚಾಚಿದ ಎರಡು ಕೊಂಬು.
ಅದರ ಮೇಲೆ ಬಗ್ಗಿದವರು
ದೇವರಿಗೆ ಅಡ್ಡಬಿದ್ದ ಹಾಗೆ ಕಾಣುತ್ತಾರೆ.
ಬ್ರೇಕು ಮಾತ್ರ ಕೈಗೆ ದೂರ.

ಒಬ್ಬನ ಹ್ಯಾಂಡಲ್ ತುದಿಗೆ ಮುಚ್ಚಳವಿಲ್ಲ.
ಬಿದ್ದರೆ ಆ ಕೊಳವೆ ನಿನ್ನ ತೊಡೆಯಿಂದ
ಬಿಲ್ಲೆ ಕತ್ತರಿಸುತ್ತದೆ ಎಂದೆ. ನಕ್ಕ.
ಹಳೆಯ ಬಾಟಲಿಯ ಬೂಚು ಹುಡುಕಿ ತುರುಕಿದೆ.
ಇನ್ನೊಬ್ಬನ ಹಿಂಚಕ್ರ ಪೂರ್ತಿ ತಟ್ಟೆ, ಕಡ್ಡಿಯೇ ಇಲ್ಲ.
"ಕೂಳೂರು ಸೇತುವೆಯಲ್ಲಿ ಕಡಲಗಾಳಿ ಅಡ್ಡ ಬಂದಾಗ
ಗೊತ್ತಾಗ್ತದೆ ಮಾರಾಯ."
ಅದಕ್ಕೆ ನಿಯಮವಿಲ್ಲ. ಚೀಟಿ ಅಂಟಿಸಿದೆ.

ಕಡೆಗೆ ಬಂದಳು ಜೆಸಿಂತಾ ಕ್ರಾಸ್ತಾ,
ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸು,
ರಾತ್ರಿ ಪಾಳಿ ಇನ್ನೂ ಇಳಿಯದ ಕಣ್ಣು,
ಸೆಕೆಂಡ್ ಹ್ಯಾಂಡ್ ಸೈಕಲ್ಲು, ಹನ್ನೆರಡು ಕಂತು.
"ಒಡೆದದ್ದಕ್ಕೆ ಬಣ್ಣ ಬಳಿದು ಮಾರಿದ್ದಾರಾ ನೋಡಿ ದೇಜಪ್ಪಣ್ಣ."
ತಟ್ಟಿದೆ. ಮೇಲಿನ ಕೊಳವೆ, ಕೆಳಗಿನದು,
ಫೋರ್ಕಿನ ಎರಡೂ ಕಾಲು.
ಠಣ್, ಠಣ್, ಎಲ್ಲಿಯೂ ತಪ್ಪದ ಠಣ್.
ಅವಳು ಉಸಿರು ಬಿಟ್ಟಳು.

ಹ್ಯಾಂಡಲ್ ಹಿಡಿದ ನಾಲ್ಕು ಬೋಲ್ಟಿಗೆ
ಟಾರ್ಕ್ ವ್ರೆಂಚ್ ಇಟ್ಟೆ. ಐದು ನ್ಯೂಟನ್ ಮೀಟರ್,
ಹೆಚ್ಚಾದರೆ ಕಾರ್ಬನ್ ಪುಡಿ, ಕಮ್ಮಿಯಾದರೆ ಹ್ಯಾಂಡಲ್ ಜಾರು.
ಟಕ್ ಅಂದರೆ ನಿಲ್ಲಿಸಬೇಕು.
ಒಂದು, ಟಕ್.
ಎರಡು, ಟಕ್.
ಮೂರನೆಯದು ಏನೂ ಅನ್ನಲಿಲ್ಲ,
ಅದರ ತಲೆ ನನ್ನ ಅಂಗೈಗೆ ಬಂತು,
ಒಳಗೆಲ್ಲ ಕಂದು ಹುಡಿ.

"ಮಳೆಗೆ ಹೊರಗೆ ತೆಗೆದೇ ಇಲ್ಲ," ಎಂದಳು.
"ಜೂನಿನಿಂದ ಮನೆಯೊಳಗೇ, ರೋಲರಿನ ಮೇಲೆ,
ಡ್ಯೂಟಿ ಮುಗಿಸಿ ದಿನಾ ಒಂದೂವರೆ ಗಂಟೆ."
ತಲೆ ಎಲ್ಲಿಟ್ಟುಕೊಳ್ತಿ, ಕೇಳಿದೆ.
ಬಗ್ಗಿ ತೋರಿಸಿದಳು.
ಮೂಗಿನ ತುದಿಯ ನೇರ ಕೆಳಗೆ
ಆ ಬೋಲ್ಟು.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ.
ಇದು ನಾಲ್ಕೂವರೆ ತಿಂಗಳು
ಅವಳ ಬೆವರಿನ ಉಪ್ಪನ್ನೇ ತಿಂದು
ಒಳಗೊಳಗೇ ಎರಡಾಗಿತ್ತು.

"ಮೂರು ಸಾಲದಾ? ನಾಳೆ ಒಂದು ದಿನ?"
ಒಂದು ಹನಿ ಕಡಿಮೆ ಇಂಜೆಕ್ಷನ್ ಕೊಡ್ತೀಯಾ ನೀನು, ಎಂದೆ.
ಮುಖ ತಿರುಗಿಸಿದಳು.
ಚೀಟಿ ನನ್ನ ಕಿಸೆಯಲ್ಲೇ ಉಳಿಯಿತು.

ಬಂದರಿನ ಅಂಗಡಿಗಳು ಬಾಗಿಲು ಹಾಕಿದ್ದವು.
ಮನೆಗೆ ಹೋಗಿ
ನನ್ನದೇ ಹಳೇ ರೇಸಿಂಗ್ ಸೈಕಲ್ಲಿನ ಕುತ್ತಿಗೆಯಿಂದ
ನಾಲ್ಕೂ ಬಿಚ್ಚಿದೆ. ಅದೇ ಅಳತೆ, ಅದೇ ದರ್ಜೆ.
ಮುರಿದ ಕಾಂಡವನ್ನು ಟಾರ್ಚ್ ಬೆಳಕಿನಲ್ಲಿ ಕೊರೆದು ತೆಗೆದು,
ಗ್ರೀಸು ಹಚ್ಚಿ, ಒಂದೊಂದನ್ನೇ ಕೂರಿಸಿದೆ.
ಅವಳು ಪಕ್ಕದಲ್ಲಿ ಕೂತು ಎಣಿಸಿದಳು:
ಟಕ್, ಟಕ್, ಟಕ್.
ನಾಲ್ಕನೆಯದನ್ನು ತಾನೇ ತಿರುಗಿಸುತ್ತೇನೆ ಎಂದಳು.
ಕೊಟ್ಟೆ.

ಬೆಳಿಗ್ಗೆ ಸೇತುವೆಯ ಮೇಲೆ ಬಾವುಟ ಹಿಡಿದು ನಿಂತಿದ್ದೆ.
ಫಲ್ಗುಣಿಯ ಮೇಲಿಂದ ಗಾಳಿ ಬಡಿಯುತ್ತಿತ್ತು.
ತಟ್ಟೆ ಚಕ್ರದವನು ನಾಲಗೆ ಕಚ್ಚಿಕೊಂಡು ಓಲಾಡಿದ.
ಅವಳು ಬಂದಳು, ಹೋದಳು.
ಎಷ್ಟನೆಯವಳೋ ನೋಡಲಿಲ್ಲ,
ಕಣ್ಣು ಮುಚ್ಚಿ ಕಿವಿ ಕೊಟ್ಟಿದ್ದೆ.
ಚೈನಿನ ಸದ್ದು ಬಿಟ್ಟರೆ
ಬೇರೇನೂ ಇರಲಿಲ್ಲ.

ನನ್ನ ಸೈಕಲ್ಲಿಗೆ ಹ್ಯಾಂಡಲ್ ಇಲ್ಲವಲ್ಲ,
ನಡೆದೇ ಹೊರಟೆ ಮನೆಗೆ.
ಕಿಸೆಯಲ್ಲಿ ನಾಣ್ಯಕ್ಕೆ ಆ ಬೋಲ್ಟಿನ ತಲೆ
ದಾರಿಯುದ್ದಕ್ಕೂ ತಾಗುತ್ತಿತ್ತು.