ಗದ್ದ ಇಡುವ ಎತ್ತರ

ಬೇಲೂರು ರಸ್ತೆಯ ಶೇಖರಾಚಾರಿ
ಗಾಡಿಯಡಿ ಮಲಗಿ ಪಾದಗಳ ಜೊತೆ ಮಾತಾಡುತ್ತಾನೆ.
"ಇಸುಬಣ್ಣ, ಕಬ್ಬಿಣ ಬೆಳೆಯೋದಿಲ್ಲ,
ತಿರುಚಿದರೆ ಏಳುತ್ತೆ, ಅಷ್ಟೆ."
ಹ್ಞೂಂ ಅಂದಿತು ನನ್ನ ಚಪ್ಪಲಿ.

ಚಾಸಿಯ ಪಕ್ಕ ಮಲಗಿದ ಉದ್ದನೆಯ ಸರಳು,
ಅದರ ಬಾಲಕ್ಕೊಂದು ಬೋಲ್ಟು.
ಹತ್ತು ಸುತ್ತಿಗೆ ತುಕ್ಕು ಉದುರಿ ಅವನ ಕಣ್ಣಿಗೆ ಬಿತ್ತು,
ಹದಿನೈದಕ್ಕೆ ಸ್ಪಾನರು ಹಲ್ಲು ಕಡಿಯಿತು,
ಇಪ್ಪತ್ತಾದ ಮೇಲೆ ಜಾಕು ಇಳಿಸಿದರೆ
ಎಮ್ಮೆ ಹಿಂದಿನಿಂದ ಏಳುತ್ತದೆ,
ನನ್ನ ಪಿಕಪ್ಪು ಮುಂದಿನಿಂದ ಎದ್ದು ನಿಂತಿತ್ತು.

ಟೇಪು ಹಿಡಿದು ಎರಡೂ ಕಡೆ ಅಳೆದ. ಬಲಕ್ಕೆ ಅರ್ಧ ಇಂಚು ತಗ್ಗು.
"ಹನ್ನೊಂದು ವರ್ಷ ಈ ಕಡೆಯೇ ಕೂತಿದ್ದೀಯಲ್ಲ,
ನೀನೇ ಅದು."
ನನಗಾಗಿ ಇನ್ನೂ ಮೂರು ಸುತ್ತು.

ಟೈರು ನಾಲ್ಕೂ ಸೆಕೆಂಡ್ ಹ್ಯಾಂಡ್,
ಜೀಪು ರ‍್ಯಾಲಿ ಬೇಸರವಾದ ಯಾವನೋ ಸಾಹುಕಾರರ ಮಗನದು.
ಗುಂಡಿ ಗುಂಡಿ ಹಲ್ಲು, ಮೂವತ್ತೊಂದು ಇಂಚು.
ಸ್ಟೆಪ್ನಿ ಮಾತ್ರ ಹಳೆಯದೇ,
ದೊಡ್ಡವರ ಮದುವೆಗೆ ಬಂದ ಬಡ ನೆಂಟನಂತೆ ಅಡಿಯಲ್ಲಿ ನೇತಾಡುತ್ತಿದೆ.
ಸ್ಟೇರಿಂಗು ಪೂರ್ತಿ ತಿರುಗಿಸಿದರೆ ಮಡ್ಗಾರ್ಡು ಕಿರ್ರೆನ್ನುತ್ತಿತ್ತು,
ಆಚಾರಿ ಉಗುರು ಕತ್ತರಿಸಿದ ಹಾಗೆ ಅಂಚು ಕತ್ತರಿಸಿದ.

ಇಷ್ಟೆಲ್ಲ ಒಂದು ಕಲ್ಲಿಗಾಗಿ.
ಕಲ್ಲುಗುಡ್ಡೆ ಲೈನಿನ ದಾರಿಯಲ್ಲಿ, ಮೂರನೇ ತಿರುವಿನಲ್ಲಿ
ಮಂಗಳವಾರ ಮಂಗಳವಾರ ಗಾಡಿಯ ಹೊಟ್ಟೆಗೆ ಗುದ್ದುತ್ತಿದ್ದ ಕಲ್ಲು.
ಮೊನ್ನೆ ಅದರ ಮೇಲೆ ಹಾಯುವಾಗ ಉಸಿರು ಹಿಡಿದೆ.
ಸದ್ದಿಲ್ಲ.
ಕನ್ನಡಿಯಲ್ಲಿ ನೋಡಿದೆ, ಅಲ್ಲೇ ಇತ್ತು,
ಸಲಾಮು ಮರೆತು ಹೋದವನನ್ನು ನೋಡುವಂತೆ.

ಮುಳ್ಳು ನಲವತ್ತು ಅಂದರೆ ಈಗ ಓಟ ನಲವತ್ತೈದು.
ತಕ್ಕಡಿಯಲ್ಲಿ ನಾನು ಹೀಗೆ ಮಾಡಿದ್ದರೆ
ಬಂಗುಡೆ ನನ್ನ ಮುಖಕ್ಕೇ ಬರುತ್ತಿತ್ತು.

ಇನ್ನು ಬೆಳಕಿನ ಕತೆ.
ಮಲ್ಪೆಯ ಐಸು ಹಿಂದೆ ಒತ್ತಿದರೆ ಮೂತಿ ಮೇಲೆ.
ನಸುಕಿನ ಚಾರ್ಮಾಡಿಯಲ್ಲಿ ರಸ್ತೆ ಕತ್ತಲು,
ಮರದ ತುದಿ ಮಾತ್ರ ಹಗಲು.
ಮುಸುವವೊಂದು ನಿದ್ದೆಗಣ್ಣಲ್ಲಿ ಎದ್ದು ಕೂತು
ಇಷ್ಟು ಬೇಗ ಬೆಳಗಾಯಿತೇ ಎಂದು ನನ್ನನ್ನೇ ನೋಡಿತು.
ಕೊಟ್ಟಿಗೆಹಾರದ ಚಹದಂಗಡಿ ಮುಂದೆ
ಸ್ಕ್ರೂ ಡ್ರೈವರು ಕೇಳಿ ತಂದು ಎರಡೂ ದೀಪ ತಗ್ಗಿಸಿದೆ.

ಲೈನಿನಲ್ಲಿ ಹಾರ್ನು ಹೊಡೆದೆ.
ಚೆನ್ನಿಯಕ್ಕ ಪಾತ್ರೆ ಹಿಡಿದು ಬಂದಳು, ಎಂದಿನಂತೆ
ಹಲಗೆಯಂಚಿಗೆ ಗದ್ದವಿಟ್ಟು ಮೀನು ನೋಡಲು.
ಗದ್ದ ಎಟುಕಲಿಲ್ಲ.
ಮೂಗು ಹಲಗೆಗೆ ತಾಗಿತು.
ಒಂದೂವರೆ ಇಂಚು, ಅಷ್ಟೇ ವ್ಯತ್ಯಾಸ.
ತುದಿಗಾಲಲ್ಲಿ ನಿಂತಳು, ಇಳಿದಳು,
ಗಾಡಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.
"ಏನಣ್ಣ, ಮೀನಿಗೂ ಮಹಡಿ ಕಟ್ಟಿಸಿದೆಯಾ?"

"ತಾಜಾ ಇದೆ ಅಕ್ಕ, ನಂಬು."
"ಹನ್ನೊಂದು ವರ್ಷ ನೋಡಿಯೇ ತಗೊಂಡವಳು ನಾನು."
ತಪ್ಪೇನಿಲ್ಲ.
ನೋಡದೆ ನನಗೂ ಮಲ್ಪೆಯಲ್ಲಿ ಯಾರೂ ಮಾರುವುದಿಲ್ಲ,
ನೋಡದೆ ನಾನೂ ಕೊಳ್ಳುವುದಿಲ್ಲ.
ಅವಳ ಹಿಂದೆ ಇನ್ನೂ ಆರು ಪಾತ್ರೆಗಳು ನಿಂತಿದ್ದವು,
ಎಲ್ಲವೂ ಗಿಡ್ಡ.

ಆಗ ಅವಳ ಮೊಮ್ಮಗಳು ಗಗನ, ನಾಲ್ಕನೇ ಕ್ಲಾಸು,
ಟೈರಿನ ಗುಂಡಿ ಹಲ್ಲಿಗೆ ಬರಿಗಾಲೂರಿ
ಸರಸರ ಏರಿ ನಿಂತಳು.
"ಕಿವಿರು ಕೆಂಪಗಿದೆ ಅಜ್ಜಿ."
"ಕಣ್ಣು?"
"ಬೆಳ್ಳಗಾಗಿಲ್ಲ. ಆದರೆ ಆ ಮೂಲೆಯದು ನಿನ್ನೆಯದು."
ನಿನ್ನೆಯದೇ.
ನಾನೇ ಮೂಲೆಗೆ ಸರಿಸಿದ್ದೆ.

ಏಳು ಮನೆಗೂ ಅವಳೇ ಆರಿಸಿದಳು.
ಕೂಲಿ ಎಂದು ಎರಡು ಬಂಗುಡೆ ಕೊಟ್ಟರೆ
ಮೂಸಿ ನೋಡಿಯೇ ತಗೊಂಡಳು.

ಸಂಜೆ ಐಸು ಕರಗಿತ್ತು, ಬುಟ್ಟಿ ಖಾಲಿ.
ಹಿಂದಿನ ಭಾರವಿಳಿದು ಮೂತಿ ತಾನಾಗಿ ಬಗ್ಗಿತ್ತು.
ಬೆಳಿಗ್ಗೆ ತಗ್ಗಿಸಿದ ದೀಪ ಈಗ
ನನ್ನ ಬಂಪರಿನ ಮುಂದೆ ಎರಡೇ ಮಾರು.
ಮೂರನೇ ತಿರುವಿನಲ್ಲಿ ಕಲ್ಲು ಮಾತ್ರ ಚೆನ್ನಾಗಿ ಕಂಡಿತು.